ಸೋಂಟೆ ಕೆಂಪಾಗುವುದೇಕೆ?

ಗುತ್ತಿಗಾರು ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಏಪ್ರಿಲ್, ಮೇ ಬಂತೆಂದರೆ ಹಲಸಿನಕಾಯಿ ಸೋಂಟೆಯ ಕಾಲ. ಅಂಗಡಿಯಲ್ಲಿ ಅದು ಹಲಸಿನ ಚಿಪ್ಸ್, ಹವ್ಯಕರ ಅಡುಗೆಮನೆಯಲ್ಲಿ ಸೋಂಟೆ. ಬಾಳೆಕಾಯಿಯದ್ದೂ ಸೋಂಟೆಯೇ. ಆಲೂಗಡ್ಡೆಯದ್ದು ಮಾತ್ರ ಎಲ್ಲರ ಬಾಯಲ್ಲೂ ಚಿಪ್ಸ್. ಇಂಗ್ಲೆಂಡಿನಲ್ಲಿ ಅದಕ್ಕೆ ಕ್ರಿಸ್ಪ್ಸ್ ಎನ್ನುತ್ತಾರೆ. ಅಲ್ಲಿ ಚಿಪ್ಸ್ ಕೇಳಿದರೆ ದಪ್ಪಗೆ ಹೆಚ್ಚಿ ಕರಿದ ಬಿಸಿ ಆಲೂಗಡ್ಡೆ ತಂದಿಡುತ್ತಾರೆ. ಹೆಸರು ಯಾವುದಾದರೂ ಬಾಣಲೆಯೊಳಗೆ ನಡೆಯುವುದು ಒಂದೇ.

ಬಲಿತ, ಆದರೆ ಹಣ್ಣಾಗದ ಕಾಯಿಯ ಸೊಳೆ ಬಿಡಿಸಿ, ಬೀಜ ತೆಗೆದು, ಉದ್ದಕ್ಕೆ ಒಂದೇ ಸಮ ಹೆಚ್ಚಿ ಕಾದ ತೆಂಗಿನೆಣ್ಣೆಗೆ ಬಿಟ್ಟ ಕೂಡಲೇ ನೊರೆ ಉಕ್ಕುತ್ತದೆ. ಸೊಳೆಯೊಳಗಿನ ನೀರು ಆವಿಯಾಗಿ ಹೊರಬರುತ್ತಿರುವ ಗುರುತು ಅದು. ಆವಿ ಹೊರನುಗ್ಗುವಷ್ಟು ಹೊತ್ತು ಎಣ್ಣೆ ಒಳಗೆ ಹೆಚ್ಚು ಇಳಿಯಲಾರದು. ಸೋಂಟೆ ಬಹುಪಾಲು ಎಣ್ಣೆ ಹೀರುವುದು ಬಾಣಲೆಯಿಂದ ಮೇಲೆತ್ತಿದ ನಂತರ, ತಣಿಯುವಾಗ. ಹಾಗಾಗಿ ಬಿಸಿಯಿರುವಾಗಲೇ ಚೆನ್ನಾಗಿ ಬಸಿಯಬೇಕು.

ಇಳಿಸುವ ಮುನ್ನ ಚಮಚದಷ್ಟು ಉಪ್ಪುನೀರನ್ನು ಎಣ್ಣೆಗೇ ಹಾಕುವ ಕ್ರಮವಿದೆಯಲ್ಲ, ಅದು ನನಗೆ ಬಹಳ ಮೆಚ್ಚುಗೆಯಾದ ಜಾಣತನ. ಚಟಪಟ ಸದ್ದಿನೊಂದಿಗೆ ನೀರು ಆವಿಯಾಗುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಸಣ್ಣ ಹರಳಾಗಿ ಸೋಂಟೆಗೆ ಅಂಟಿಕೊಳ್ಳುತ್ತದೆ. ಮೇಲಿಂದ ಉದುರಿಸಿದ ಉಪ್ಪು ಹೀಗೆ ಒಂದೇ ಸಮ ಹಿಡಿಯುವುದಿಲ್ಲ.

ಇನ್ನು ಬಣ್ಣ. ಸಕ್ಕರೆ ಮತ್ತು ಅಮೈನೋ ಆಮ್ಲಗಳು ಬಿಸಿಯಲ್ಲಿ ಸೇರಿದಾಗ ಕಂದು ಬಣ್ಣವೂ ಘಮವೂ ಹುಟ್ಟುತ್ತವೆ. ಇದನ್ನು 1912ರಲ್ಲಿ ವಿವರಿಸಿದವರು ಫ್ರಾನ್ಸಿನ ಲೂಯಿ ಕಮಿಲ್ ಮೇಯಾರ್. ಹಣ್ಣಾಗತೊಡಗಿದ ಹಲಸಿನಲ್ಲಿ ಪಿಷ್ಟ ಸಕ್ಕರೆಯಾಗಿರುತ್ತದೆ. ಅಂಥ ಸೊಳೆ ಒಳಗಿನ ನೀರು ಆರುವ ಮೊದಲೇ ಕೆಂಪಾಗಿ, ಆಮೇಲೂ ಮೆತ್ತಗೇ ಉಳಿಯುತ್ತದೆ. ಶೀತಲಗೃಹದಲ್ಲಿಟ್ಟ ಆಲೂಗಡ್ಡೆಯ ಪಾಡೂ ಇದೇ, ತಂಪಿಗೆ ಅದರ ಪಿಷ್ಟವೂ ಸಕ್ಕರೆಯಾಗುತ್ತದೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ‘ಕುಫ್ರಿ ಚಿಪ್ಸೋನಾ’ ತಳಿಗಳು ಸಕ್ಕರೆ ಕಡಿಮೆಯಿರಲೆಂದೇ ಚಿಪ್ಸ್‌ಗಾಗಿ ರೂಪಿಸಿದವು.

ಬಣ್ಣದ ಮಾತು ಅಂದಕ್ಕಷ್ಟೇ ಸಂಬಂಧಿಸಿದ್ದಲ್ಲ. ಆಲೂಗಡ್ಡೆಯಲ್ಲಿರುವ ಆಸ್ಪರಜಿನ್ ಎಂಬ ಅಮೈನೋ ಆಮ್ಲ 120 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಸಕ್ಕರೆಯೊಡನೆ ಸೇರಿ ಅಕ್ರಿಲಮೈಡ್ ಆಗುತ್ತದೆ. ಕರಿದ ತಿಂಡಿಗಳಲ್ಲಿ ಇದು ಇರುವುದನ್ನು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಕ್ಯಾನ್ಸರ್ ತಂದದ್ದಿದೆ. ಚಿಪ್ಸ್ ಕಪ್ಪಾದಷ್ಟೂ ಅದರ ಪ್ರಮಾಣ ಹೆಚ್ಚು.

ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಸುಮಾರು ಶೇ. 90 ಪರ್ಯಾಪ್ತ. ಹೃದಯದ ಲೆಕ್ಕದಲ್ಲಿ ಮಿತವಾಗಿ ತಿನ್ನಬೇಕಾದದ್ದೇ. ಆದರೆ ಅದೇ ಕಾರಣಕ್ಕೆ ಎಣ್ಣೆ ಬೇಗ ಕಮಟುವುದಿಲ್ಲ. ನಮ್ಮ ಮಳೆಗಾಲದಲ್ಲಿ ಸೋಂಟೆಯ ನಿಜವಾದ ಶತ್ರು ಗಾಳಿಯ ತೇವ. ನೀರು ಆರಿದ ಪಿಷ್ಟ ಗಾಜಿನಂತೆ ಗಡುಸಾಗಿದ್ದು ಕಚ್ಚಿದರೆ ಮುರಿಯುತ್ತದೆ. ಕೊಂಚ ತೇವ ಹೀರಿದರೂ ಬಾಗುತ್ತದೆ.

ಕೊಳ್ಳುವಾಗ ತಿಳಿ ಹಳದಿಯದ್ದನ್ನೇ ಆರಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಮೆತ್ತಗಾದರೆ ಎಸೆಯಬೇಡಿ. ಒಣ ಬಾಣಲೆಯಲ್ಲಿ ಸಣ್ಣ ಉರಿಗೆ ಬೆಚ್ಚಗೆ ಮಾಡಿ ಆರಲು ಬಿಟ್ಟರೆ ತೇವ ಹೋಗಿ ಮತ್ತೆ ಗರಿಗರಿಯಾಗುತ್ತದೆ.