ಷೇಕ್ಸ್‌ಪಿಯರನು ಹುಟ್ಟಿದ ದಿನ ಯಾವುದು?

ಮಗು ಹುಟ್ಟಿದೊಡನೆ ಗಳಿಗೆ ನೋಡಿ, ತಿಥಿ ನಕ್ಷತ್ರಗಳನ್ನು ಬರೆದು, ಜಾತಕವನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಡುವ ಮನೆಗಳು ನಮ್ಮಲ್ಲಿ ಬಹಳ. ನಾಲ್ಕೂವರೆ ಶತಮಾನಗಳ ಹಿಂದಿನ ಇಂಗ್ಲೆಂಡಿನ ಸಣ್ಣ ಪಟ್ಟಣವೊಂದರಲ್ಲಿ, ಕೈಗವಸುಗಳನ್ನು ಹೊಲಿದು ಮಾರುತ್ತಿದ್ದ ಗೃಹಸ್ಥನ ಮನೆಯಲ್ಲಿ, ಅಂತಹ ರೂಢಿ ಇರಲಿಲ್ಲ. ಜನನ ಮರಣಗಳನ್ನು ಸರ್ಕಾರವೇ ದಾಖಲು ಮಾಡುವ ವ್ಯವಸ್ಥೆ ಅಲ್ಲಿ ಬಂದದ್ದು 1837ರಲ್ಲಿ. ಆದುದರಿಂದ ‘ಹ್ಯಾಮ್ಲೆಟ್’, ‘ಲಿಯರ್’ಗಳನ್ನು ಬರೆದ ಮಹಾಕವಿ, ಕುವೆಂಪು ಅವರ ‘ರಕ್ತಾಕ್ಷಿ’, ‘ಬಿರುಗಾಳಿ’ಗಳ ಮೂಲಕ ಕನ್ನಡಿಗರಿಗೂ ಹತ್ತಿರದವನಾದ ವಿಲಿಯಂ ಷೇಕ್ಸ್‌ಪಿಯರನು ಹುಟ್ಟಿದ ದಿನವನ್ನು ಖಚಿತವಾಗಿ ಹೇಳುವ ಕಾಗದ ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ. ಆದರೂ ಪ್ರತಿ ವರ್ಷ ಏಪ್ರಿಲ್ 23ರಂದು ಆತನ ಜನ್ಮದಿನವೆಂದು ಲೋಕವೆಲ್ಲ ಸಂಭ್ರಮಿಸುತ್ತದೆ!

ಇರುವ ಆಧಾರವೆಂದರೆ ಒಂದೇ ಒಂದು ಸಾಲು. ಏವನ್ ನದಿಯ ದಂಡೆಯ ಸ್ಟ್ರಾಟ್‌ಫರ್ಡ್ ಪಟ್ಟಣದ ಹೋಲಿ ಟ್ರಿನಿಟಿ ಚರ್ಚಿನ ದಾಖಲೆ ಪುಸ್ತಕದಲ್ಲಿ, 1564ನೆಯ ಇಸವಿ ಏಪ್ರಿಲ್ 26ರಂದು ಜಾನ್ ಷೇಕ್ಸ್‌ಪಿಯರನ ಮಗನಾದ ವಿಲಿಯಮನಿಗೆ ದೀಕ್ಷಾಸ್ನಾನವಾಯಿತೆಂದು ಲ್ಯಾಟಿನ್ ಭಾಷೆಯಲ್ಲಿ ಬರೆದಿದೆ. ಅಂದು ಬುಧವಾರ. ಮಗು ಹುಟ್ಟಿದ್ದು ಯಾವಾಗ ಎಂಬುದನ್ನು ಪಾದ್ರಿಯು ಬರೆಯಲಿಲ್ಲ; ಬರೆಯುವ ಪದ್ಧತಿಯೂ ಇರಲಿಲ್ಲ. ಈಗ ಉಳಿದಿರುವುದಾದರೂ ಆ ಕಾಲದ ಮೂಲ ಪುಸ್ತಕವಲ್ಲ. ಹಳೆಯ ಕಾಗದದ ದಾಖಲೆಗಳನ್ನು ಚರ್ಮಪತ್ರಕ್ಕೆ ಇಳಿಸಬೇಕೆಂದು 1598ರಲ್ಲಿ ಆಜ್ಞೆಯಾದ ಬಳಿಕ ಸಿದ್ಧವಾದ ನಕಲು.

ಹುಟ್ಟಿಗಿಂತ ದೀಕ್ಷೆಗೇ ಏಕೆ ಅಷ್ಟು ಪ್ರಾಶಸ್ತ್ಯ? ಅದೇ ದಾಖಲೆಯ ಹಾಳೆಗಳನ್ನು ತಿರುವಿದರೆ ಉತ್ತರ ತಾನಾಗಿಯೇ ಸಿಗುತ್ತದೆ. ವಿಲಿಯಮನಿಗಿಂತ ಮುಂಚೆ ಆ ದಂಪತಿಗಳಿಗೆ ಹುಟ್ಟಿದ ಜೋನ್, ಮಾರ್ಗರೆಟ್ ಎಂಬ ಹೆಣ್ಣು ಮಕ್ಕಳಿಬ್ಬರೂ ಎಳವೆಯಲ್ಲಿಯೇ ತೀರಿಕೊಂಡಿದ್ದರು. ಮಾರ್ಗರೆಟಳಿಗೆ 1562ರ ಡಿಸೆಂಬರಿನಲ್ಲಿ ದೀಕ್ಷೆ, ಮರು ಏಪ್ರಿಲಿನಲ್ಲಿ ಸಮಾಧಿ. ವಿಲಿಯಮನು ಮೂರು ತಿಂಗಳ ಕೂಸಾಗುವ ಮುನ್ನವೇ, 1564ರ ಜುಲೈ 11ರಂದು, ಪ್ಲೇಗು ಇಲ್ಲಿಂದ ಮೊದಲಾಯಿತೆಂಬ ಒಕ್ಕಣೆ ಮರಣಗಳ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ವರ್ಷ ಮುಗಿಯುವಷ್ಟರಲ್ಲಿ ಆ ಪುಟ್ಟ ಊರಿನಲ್ಲಿ 200ಕ್ಕೂ ಮೀರಿ ಜನ ಸತ್ತರು. ದೀಕ್ಷೆಯಿಲ್ಲದೆ ಸತ್ತ ಮಗುವಿನ ಆತ್ಮದ ಗತಿಯೇನೆಂಬ ಭಯ ತಾಯ್ತಂದೆಗಳನ್ನು ಕಾಡುತ್ತಿದ್ದ ಕಾಲವದು. ಇಬ್ಬರನ್ನು ಮಣ್ಣಿಗಿಟ್ಟಿದ್ದ ಜಾನ್ ಮತ್ತು ಮೇರಿಯರಿಗೆ ಹುಟ್ಟಿದ ತಾರೀಖಿಗಿಂತ ದೀಕ್ಷೆಯ ತಾರೀಖೇ ದೊಡ್ಡದಾಗಿದ್ದರೆ ಆಶ್ಚರ್ಯವೇನು?

ಇನ್ನು 23ರ ಲೆಕ್ಕಾಚಾರ. ಹುಟ್ಟಿದ ಮೇಲೆ ಬರುವ ಮೊದಲ ಭಾನುವಾರವನ್ನೋ ಪರ್ವದಿನವನ್ನೋ ಮೀರಿ ದೀಕ್ಷೆಯನ್ನು ಮುಂದೂಡಬಾರದೆಂದು 1559ರ ಪ್ರಾರ್ಥನಾ ಗ್ರಂಥವು ವಿಧಿಸಿತ್ತು. 1564ರ ಏಪ್ರಿಲ್ 23 ಭಾನುವಾರ. ಅಂದು ಹುಟ್ಟಿದ ಮಗುವಿಗೆ ಮುಂದಿನ ಪರ್ವ 25ರ ಸಂತ ಮಾರ್ಕನ ದಿನ. ಹಾಗಾದರೆ 26ರವರೆಗೆ ಕಾದದ್ದೇಕೆ? ಮಾರ್ಕನ ದಿನ ಅಶುಭವೆಂಬ ನಂಬಿಕೆ ಜನರಲ್ಲಿತ್ತೆಂದು ಪಂಡಿತರು ಸಮಾಧಾನ ಹೇಳುತ್ತಾರೆ. ತೀರ್ಮಾನವನ್ನು ಮೊದಲು ಮಾಡಿಕೊಂಡು ಆಮೇಲೆ ಹುಡುಕಿದ ಸಮಾಧಾನವಿದು ಎಂದು ನನಗೆ ತೋರುತ್ತದೆ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿಯನ್ನು ನುಡಿಯುವುದು ಸಮಾಧಿಯ ಬಳಿಯ ಸ್ಮಾರಕ. 1616ರ ಏಪ್ರಿಲ್ 23ರಂದು, ತನ್ನ 53ನೆಯ ವರ್ಷದಲ್ಲಿ, ಕವಿಯು ಮೃತನಾದನೆಂದು ಅಲ್ಲಿ ಕೆತ್ತಿದೆ. ಅಂದಮೇಲೆ ಆತನಿಗೆ 52 ತುಂಬಿರಬೇಕು; ಏಪ್ರಿಲ್ 23ಕ್ಕಿಂತ ತಡವಾಗಿ ಹುಟ್ಟಿರಲಾರ. ಆದರೆ 21ಕ್ಕೋ 22ಕ್ಕೋ ಹುಟ್ಟಿರಬಾರದೆ? ಮೊಮ್ಮಗಳು ಎಲಿಜಬೆತ್ತಳು 1626ರ ಏಪ್ರಿಲ್ 22ರಂದು ಮದುವೆಯಾದದ್ದು ತಾತನ ಜನ್ಮದಿನದ ನೆನಪಿಗಿರಬಹುದೆಂದು ಡಿಕ್ವಿನ್ಸಿ ಎಂಬ ಲೇಖಕನು ಸೂಚಿಸಿದ. ಅದೂ ಊಹೆಯೇ. 23 ಗೆದ್ದದ್ದು ಸೊಗಸಿನ ಬಲದಿಂದ: ಆತ ಸತ್ತ ದಿನವೂ ಅದೇ, ಇಂಗ್ಲೆಂಡಿನ ರಕ್ಷಕನಾದ ಸಂತ ಜಾರ್ಜನ ಹಬ್ಬವೂ ಅದೇ. ರಾಷ್ಟ್ರಕವಿಗೆ ಇದಕ್ಕಿಂತ ಒಪ್ಪುವ ದಿನ ಇನ್ನಾವುದು? ಹದಿನೆಂಟನೆಯ ಶತಮಾನದ ವಿದ್ವಾಂಸರು ಅದನ್ನು ಬರೆದರು, ಜನ ಒಪ್ಪಿದರು. ಅದೇ ವರ್ಷ ಫೆಬ್ರವರಿ 26ರಂದು ಕ್ಯಾಂಟರ್ಬರಿಯಲ್ಲಿ ದೀಕ್ಷೆ ಪಡೆದ ನಾಟಕಕಾರ ಮಾರ್ಲೋವಿಗೆ ಇಂತಹ ಸರ್ವಸಮ್ಮತ ಜನ್ಮದಿನ ದೊರೆಯಲೇ ಇಲ್ಲ, ಪಾಪ!

ಪಂಚಾಂಗದ ತೊಡಕು ಬೇರೆ. ಇಂಗ್ಲೆಂಡು ಗ್ರೆಗೊರಿಯ ಪದ್ಧತಿಗೆ ಬದಲಾದದ್ದು 1752ರಲ್ಲಿ. ಷೇಕ್ಸ್‌ಪಿಯರನ ಏಪ್ರಿಲ್ 23 ಇಂದಿನ ಲೆಕ್ಕದಲ್ಲಿ ಮೇ 3. ಆದರೂ ಹೆಸರಿಗೆ ಅಂಟಿಕೊಂಡ ತಾರೀಖನ್ನು ಬದಲಿಸಲು ಸ್ಟ್ರಾಟ್‌ಫರ್ಡಿನವರು ಒಪ್ಪಿಲ್ಲ.

ವಿನೋದವೆಂದರೆ, ಆ ಊರಿನಲ್ಲಿ ಕವಿಗೆ ನಡೆದ ಮೊದಲ ಮಹೋತ್ಸವ ಏಪ್ರಿಲಿನಲ್ಲಿ ನಡೆಯಲೇ ಇಲ್ಲ. ಖ್ಯಾತ ನಟ ಡೇವಿಡ್ ಗ್ಯಾರಿಕನು 1769ರ ಸೆಪ್ಟೆಂಬರಿನಲ್ಲಿ ಮೂರು ದಿನಗಳ ಉತ್ಸವ ಹೂಡಿ, ನದೀತೀರದಲ್ಲಿ ಮರದ ದೊಡ್ಡ ಮಂಟಪ ಕಟ್ಟಿಸಿದ. ಮಳೆ ಹೊಯ್ದು ಏವನ್ ಉಕ್ಕಿತು. ಪಾತ್ರಧಾರಿಗಳ ಮೆರವಣಿಗೆ ರದ್ದಾಯಿತು, ಬಾಣಬಿರುಸುಗಳು ನೆನೆದವು. ಆ ಮೂರು ದಿನಗಳಲ್ಲಿ ಷೇಕ್ಸ್‌ಪಿಯರನ ನಾಟಕ ಒಂದನ್ನೂ ಆಡಲಿಲ್ಲ! ಆದರೆ ಗ್ಯಾರಿಕ್ ಜಾಣ. ಸ್ಟ್ರಾಟ್‌ಫರ್ಡಿನಲ್ಲಿ ಕೆಟ್ಟ ಮೆರವಣಿಗೆಯನ್ನೇ ಲಂಡನ್ನಿನ ಡ್ರೂರಿ ಲೇನ್ ರಂಗದ ಮೇಲೆ ನಡೆಸಿ, ಕಳೆದುಕೊಂಡ ಹಣವನ್ನು ಮರಳಿ ಪಡೆದ.

ಪಟ್ಟಣದವರೇ 1824ರಲ್ಲಿ ಷೇಕ್ಸ್‌ಪಿಯರ್ ಸಂಘವನ್ನು ಕಟ್ಟಿದ ಮೇಲೆ ಏಪ್ರಿಲಿನ ಉತ್ಸವಕ್ಕೆ ಬೇರು ಬಂತು. 1879ರಲ್ಲಿ ಸ್ಮಾರಕ ರಂಗಮಂದಿರವನ್ನೂ, ಅದು ಬೆಂಕಿಗೆ ಆಹುತಿಯಾದ ಮೇಲೆ 1932ರಲ್ಲಿ ಹೊಸದನ್ನೂ ತೆರೆದದ್ದು ಏಪ್ರಿಲ್ 23ರಂದೇ. ಇತ್ತೀಚಿನ ವರ್ಷಗಳಲ್ಲಿ ಮೆರವಣಿಗೆಯನ್ನು ಸಾಮಾನ್ಯವಾಗಿ ಆ ತಾರೀಖಿಗೆ ಸಮೀಪದ ಶನಿವಾರಕ್ಕೆ ಇಟ್ಟುಕೊಳ್ಳುತ್ತಾರೆ. ಊಹೆಯ ದಿನಕ್ಕೆ ರಜೆಯ ಅನುಕೂಲವೂ ಸೇರಿದಂತಾಯಿತು. ಬೀದಿಯಲ್ಲಿ ದೇಶದೇಶಗಳ ಬಾವುಟಗಳು ಬಿಚ್ಚಿಕೊಳ್ಳುತ್ತವೆ. ಕವಿ ಓದಿದನೆಂದು ನಂಬಲಾದ ಶಾಲೆಯ ಹುಡುಗರು, ನಟರು, ಊರಿನ ಹಿರಿಯರು ಎದೆಗೆ ರೋಸ್‌ಮೇರಿ ಸೊಪ್ಪಿನ ಕಡ್ಡಿ ಸಿಕ್ಕಿಸಿಕೊಂಡು, ಹೂಗುಚ್ಛ ಹಿಡಿದು ನಡೆಯುತ್ತಾರೆ. ಚರ್ಚಿನ ಗೋಡೆಯ ಮೇಲಿನ ಕವಿಯ ಅರ್ಧಪ್ರತಿಮೆಯ ಕೈಗೆ ಹೊಸ ಗರಿಯ ಲೇಖನಿ ಬರುತ್ತದೆ. ಕೆಳಗಿನ ಸಮಾಧಿ ಹೂವಿನಲ್ಲಿ ಮುಚ್ಚಿಹೋಗುತ್ತದೆ. ಅದೇ ಚರ್ಚಿನಲ್ಲಿ, ಆ ಬುಧವಾರ ಕೂಸಿಗೆ ದೀಕ್ಷೆಯಾಯಿತೆನ್ನುವ ಒಡೆದ ಕಲ್ಲಿನ ತೊಟ್ಟಿಯೂ ಇದೆ.