ಕಾಳಗದ ನಾಡಿನಲ್ಲಿ ಬೆಳ್ತಂಗಡಿಯ ಶಾಂತಿದೂತ

ರಾಯಭಾರಿ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಧ್ವಜ ಹೊತ್ತ ಕಾರು, ಔತಣಕೂಟ, ಕಾವಲು ಭಟರು. ಜಗದ್ಗುರುಗಳ ರಾಯಭಾರಿಗಳಾದ ‘ನುನ್ಸಿಯೊ’ಗಳಿಗಾದರೋ ಸೈನ್ಯದ ಬಲವಿಲ್ಲ, ವಾಣಿಜ್ಯದ ಬಲವೂ ಇಲ್ಲ. ಮಾತು ಮತ್ತು ತಾಳ್ಮೆ, ಇವೆರಡೇ ಅವರ ಬಂಡವಾಳ. ಈ ಬಂಡವಾಳದೊಡನೆ ಸಂಘರ್ಷದ ನಾಡೊಂದರಲ್ಲಿ ಸೇವೆ ಸಲ್ಲಿಸಿದ ನಮ್ಮ ಜಿಲ್ಲೆಯ ಸುಪುತ್ರ, ದಿವಂಗತ ಮಹಾಧರ್ಮಾಧ್ಯಕ್ಷ ಆಂಬ್ರೋಸ್ ಮಾಡ್ತಾ ಅವರನ್ನು ಇಲ್ಲಿ ಸ್ಮರಿಸಬಯಸುತ್ತೇವೆ.

1955ರ ನವೆಂಬರ್ 2ರಂದು ಬೆಳ್ತಂಗಡಿಯಲ್ಲಿ ಜನಿಸಿದ ಅವರು ಗುರುದೀಕ್ಷೆಯ ಬಳಿಕ ಪವಿತ್ರ ಪೀಠದ ರಾಜತಾಂತ್ರಿಕ ಸೇವೆಯನ್ನು ಸೇರಿದರು. ತೈವಾನಿನ ರಾಯಭಾರ ಕಚೇರಿಯ ಹೊಣೆ ಹೊತ್ತಿದ್ದ ಅವರನ್ನು 2008ರಲ್ಲಿ ಜಗದ್ಗುರು 16ನೇ ಬೆನೆಡಿಕ್ಟರು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ದೇಶಕ್ಕೆ ನುನ್ಸಿಯೊ ಆಗಿ ನೇಮಿಸಿದರು. 2002ರಲ್ಲಿ ಆರಂಭವಾದ ಅಂತರ್ಯುದ್ಧವು ಆ ದೇಶವನ್ನು ಉತ್ತರ, ದಕ್ಷಿಣವೆಂದು ಸೀಳಿತ್ತು.

2010ರ ನವೆಂಬರ್ ಚುನಾವಣೆ ಗಾಯವನ್ನು ಮತ್ತೆ ಕೆದಕಿತು. ಡಿಸೆಂಬರ್ 4ರಂದು, ಒಂದೇ ದಿನ, ಲೋರಾನ್ ಬಾಗ್ಬೊ ಮತ್ತು ಅಲಸಾನ್ ವತಾರಾ ಇಬ್ಬರೂ ಅಧ್ಯಕ್ಷರೆಂದು ಪ್ರಮಾಣ ಸ್ವೀಕರಿಸಿದರು! ಮುಂದಿನ ತಿಂಗಳುಗಳ ಹಿಂಸೆಯಲ್ಲಿ ಸುಮಾರು 3,000 ಮಂದಿ ಪ್ರಾಣ ತೆತ್ತರು. ಡ್ಯುಎಕುಎ ಪಟ್ಟಣದ ಸಲೇಸಿಯನ್ ಗುರುಗಳ ಧರ್ಮಕೇಂದ್ರ ಸಾವಿರಾರು ನಿರಾಶ್ರಿತರಿಗೆ ಆಸರೆಯಾಯಿತು. ಶಾಂತಿಯ ಮನವಿಯೊಡನೆ ಜಗದ್ಗುರುಗಳು ಕಳುಹಿಸಿದ ಕಾರ್ಡಿನಲ್ ಪೀಟರ್ ಟರ್ಕ್‌ಸನ್‌ರಿಗೆ ನೆರೆಯ ಘಾನಾದಿಂದ ಮುಂದೆ ಸಾಗಲಾಗಲಿಲ್ಲ. 2011ರ ಏಪ್ರಿಲ್ 11ರಂದು ಬಾಗ್ಬೊ ಸೆರೆಯಾದರು.

ಇಂತಹ ಹೊತ್ತಿನಲ್ಲಿ ನುನ್ಸಿಯೊ ಹುದ್ದೆ ಮುಳ್ಳಿನ ಆಸನವೇ ಸರಿ. ಒಂದು ಪಕ್ಷಕ್ಕೆ ವಾಲಿದರೆ ಇನ್ನೊಂದರ ಬಾಗಿಲು ಮುಚ್ಚುತ್ತದೆ. ಮೌನ ತಾಳಿದರೆ ನೊಂದವರ ಮೊರೆ ಅಡಗಿಹೋಗುತ್ತದೆ. ಅಲ್ಲಿನ ಸ್ಥಿತಿಗತಿಯನ್ನು ರೋಮಿಗೆ ತಿಳಿಸುವುದು, ಸ್ಥಳೀಯ ಧರ್ಮಾಧ್ಯಕ್ಷರಿಗೆ ನೆರವಾಗುವುದು, ಶಾಂತಿಗಾಗಿ ದುಡಿಯುವುದು, ಇವು ಧರ್ಮಸಭೆಯ ಕಾನೂನು ಅವರಿಗೆ ವಿಧಿಸಿರುವ ಕರ್ತವ್ಯಗಳು. ಇವುಗಳ ಬಹುಭಾಗ ಪತ್ರಿಕೆಗಳ ಕಣ್ಣಿಗೆ ಬೀಳದೆಯೇ ನಡೆಯುತ್ತದೆ.

ಕಾಳಗ ಮುಗಿದ ಮರುವರ್ಷ, 2012ರ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನವೇ, ಮಾಡ್ತಾ ಅವರು ಐವರಿ ಕೋಸ್ಟ್‌ನ ರಸ್ತೆ ಅಪಘಾತದಲ್ಲಿ ಅಸುನೀಗಿದರು. ಆಗ ಅವರಿಗೆ ಕೇವಲ 57 ವರ್ಷ.

ನಮ್ಮ ಎಷ್ಟೋ ಮನೆಗಳ ಮಕ್ಕಳು ಗುರುಗಳಾಗಿ, ಧರ್ಮಭಗಿನಿಯರಾಗಿ ದೂರದ ನಾಡುಗಳಲ್ಲಿದ್ದಾರೆ. ಗುರುದೀಕ್ಷೆಯ ಸಂಭ್ರಮದಂದು ಅವರನ್ನು ಹರಸಿ ಬಳಿಕ ಮರೆಯುವುದು ತರವಲ್ಲ. ಸಂಜೆಯ ಜಪಸರದಲ್ಲಿ ಒಂದು ಪ್ರಾರ್ಥನೆಯನ್ನು ಅವರಿಗಾಗಿ ಮುಡಿಪಾಗಿಡೋಣ. ಮುನಿದ ಇಬ್ಬರ ನಡುವೆ ನಿಂತು ಇಬ್ಬರೊಡನೆಯೂ ಮಾತನಾಡುವ ಶಾಂತಿದೂತರ ಕೆಲಸವನ್ನು ನಮ್ಮ ಮನೆಯಂಗಳದಿಂದಲೇ ಆರಂಭಿಸೋಣ.