ಹುಚ್ಚೆಳ್ಳು ಒಂಟಿಯಾಗಿ ಕಾಳು ಕಟ್ಟದು

ಅಗಳಿಯಿಂದ ಶಿರಾ ಕಡೆಗೆ ಹೊರಟರೆ ಆಂಧ್ರ ಎಲ್ಲಿ ಮುಗಿಯಿತು, ಕರ್ನಾಟಕ ಎಲ್ಲಿ ಶುರುವಾಯಿತು ಎಂದು ಹೊಲ ನೋಡಿ ಹೇಳಲಾಗದು. ಎರಡೂ ಕಡೆ ಅದೇ ಕೆಂಪು ನೆಲ, ಅದೇ ಕಡಲೆಕಾಯಿ, ಅದೇ ರಾಗಿ. ಈ ಸೀಮೆಯ ರಾಗಿ ಹೊಲದಲ್ಲಿ ನಡುನಡುವೆ ಬೇರೆ ಬೆಳೆ ಹಾಕುವ ಅಕ್ಕಡಿ ಸಾಲಿನಲ್ಲೋ ಬದುವಿನಂಚಿನಲ್ಲೋ ಅಕ್ಟೋಬರ್ ಹೊತ್ತಿಗೆ ಹಳದಿ ಹೂ ಬಿಡುವ ಗಿಡ ಹುಚ್ಚೆಳ್ಳು. ಹುಬ್ಬಳ್ಳಿ ಕಡೆಯವರು ಗುರೆಳ್ಳು ಎನ್ನುತ್ತಾರೆ, ಅಗಳಿಯ ತೆಲುಗು ಮನೆಗಳಲ್ಲಿ ವೆರ್ರಿ ನುವ್ವುಲು. ಎಳ್ಳಿಗೂ ಇದಕ್ಕೂ ನಂಟಿಲ್ಲ. ಇದು ಸೂರ್ಯಕಾಂತಿ, ಸೇವಂತಿಗೆ, ಡೇಸಿಗಳ ಕುಟುಂಬದ್ದು.

ಆಲ್ಪ್ಸ್ ಪರ್ವತದ ಎಡೆಲ್‌ವೈಸ್ ಕೂಡ ಇದೇ ಬಳಗದ ಗಿಡ. ನಮ್ಮ ಹುಚ್ಚೆಳ್ಳೂ ಬೆಟ್ಟದ ನಾಡಿನಿಂದಲೇ ಬಂದದ್ದು. ಇದರ ತವರು ಇಥಿಯೋಪಿಯದ ಎತ್ತರದ ಪ್ರದೇಶ. ಅಲ್ಲಿ ಈಗಲೂ ಸಾವಿರದ ಆರುನೂರು ಮೀಟರಿಗಿಂತ ಮೇಲೆ ಇದನ್ನು ಎಣ್ಣೆಗಾಗಿ ಬೆಳೆಯುತ್ತಾರೆ. ರಾಗಿಯ ಮೂಲವೂ ಪೂರ್ವ ಆಫ್ರಿಕದ ಎತ್ತರದ ನೆಲವೇ. ಆ ಎರಡೂ ಅಗಳಿಯಿರುವ ಮಡಕಶಿರಾ ಸೀಮೆಯ ಬಯಲಿನಲ್ಲಿ ಒಂದೇ ಹೊಲ ಹಂಚಿಕೊಂಡಿರುವುದು ನನಗಂತೂ ಬಹಳ ಇಷ್ಟವಾದ ಸಂಗತಿ.

ಇದನ್ನು ಬೆಳೆಯುವ ಗುಟ್ಟೆಲ್ಲ ಹೂವಿನಲ್ಲಿದೆ. ನಾವು ಒಂದು ಹೂವು ಎನ್ನುವುದು ನಿಜವಾಗಿ ಹೂಗೊಂಚಲು. ಸುತ್ತ ಎಸಳಿನಂತೆ ಕಾಣುವ ಸುಮಾರು ಎಂಟು ಹೂಗಳು ಬರೀ ಹೆಣ್ಣು. ನಡುವಿನ ಹಳದಿ ದಿಂಬಿನಲ್ಲಿ ನಲವತ್ತಕ್ಕೂ ಹೆಚ್ಚು ಪುಟ್ಟ ಹೂಗಳಿವೆ, ಒಂದೊಂದರಲ್ಲೂ ಗಂಡು ಹೆಣ್ಣು ಎರಡೂ ಉಂಟು. ಭೂತಗನ್ನಡಿ ಹಿಡಿದು ನೋಡಿದರೆ ಈ ಪುಟ್ಟ ಹೂವಿನ ಐದು ಪರಾಗಕೋಶಗಳು ಒಂದಕ್ಕೊಂದು ಅಂಟಿ ಕೊಳವೆಯಾಗಿರುವುದು ಕಾಣುತ್ತದೆ. ಪರಾಗ ಉದುರುವುದು ಕೊಳವೆಯ ಒಳಕ್ಕೆ. ಆಮೇಲೆ ಅದರೊಳಗಿಂದ ಶಲಾಕೆ ಮೇಲೇರುತ್ತಾ ಪರಾಗವನ್ನು ಹೊರಕ್ಕೆ ನೂಕುತ್ತದೆ. ಬೆಳಗ್ಗೆ ಬಂದ ಜೇನುಹುಳುವಿನ ಹೊಟ್ಟೆಗೆ ಅದು ಮೆತ್ತಿಕೊಳ್ಳುತ್ತದೆ. ಇಷ್ಟಾದ ಮೇಲೆ ಶಲಾಕೆಯ ತುದಿ ಎರಡಾಗಿ ಸೀಳಿ, ಬೇರೆ ಗಿಡದ ಪರಾಗಕ್ಕೆ ಕಾಯುತ್ತದೆ.

ಬೇರೆ ಗಿಡದ್ದೇ ಆಗಬೇಕು. ತನ್ನದೇ ಪರಾಗ ಬಿದ್ದರೆ ಶಲಾಕಾಗ್ರ ಅದನ್ನು ಗುರುತಿಸಿ ಮೊಳೆಯಲು ಬಿಡುವುದಿಲ್ಲ. ಹತ್ತಿರದ ರಕ್ತಸಂಬಂಧಿ ಗಿಡದ ಪರಾಗವೂ ಎಷ್ಟೋ ಸಲ ತಿರಸ್ಕೃತವಾಗುತ್ತದೆ. ಹಾಗಾಗಿ ಹಿತ್ತಲಲ್ಲಿ ಒಂದೆರಡು ಗಿಡ ಹಾಕಿಕೊಂಡವರಿಗೆ ಕಣ್ತುಂಬ ಹೂವು ಸಿಗುತ್ತದೆ, ಬಿಡಿಸಿದರೆ ಜೊಳ್ಳು. ಊರಿನ ಎಲ್ಲ ರಾಗಿ ಹೊಲದಲ್ಲೂ ಅಕ್ಕಡಿ ಸಾಲಿದ್ದ ಕಾಲದಲ್ಲಿ ಈ ತೊಂದರೆ ಯಾರ ಗಮನಕ್ಕೂ ಬರುವಂತಿರಲಿಲ್ಲ. ಈಗ ಒಬ್ಬರೇ ಹಾಕುವುದಾದರೆ ಒಂದೇ ಸಾಲಿನ ಬದಲು ನಾಲ್ಕೈದು ಸಾಲನ್ನು ಒತ್ತಾಗಿ ಪಟ್ಟಿಯಂತೆ ಹಾಕಬೇಕು. ಅಕ್ಕಪಕ್ಕದ ಹೊಲದವರೂ ಕೈಜೋಡಿಸಿದರೆ ಇನ್ನೂ ಒಳ್ಳೆಯದು. ಹೂವಿನ ಕಾಲದಲ್ಲಿ ಬೆಳಗಿನ ಹೊತ್ತು ಕೀಟನಾಶಕ ಸಿಂಪಡಿಸುವುದಂತೂ ಕೂಡದು. ತುಡುವೆ, ಹೆಜ್ಜೇನು, ಕೋಲುಜೇನು ಬಾರದ ಹೊಲದಲ್ಲಿ ಗೊಬ್ಬರ ಎಷ್ಟು ಸುರಿದರೂ ಕಾಳು ಕೂರುವುದಿಲ್ಲ.

ಬಿತ್ತನೆಗೆ ಜುಲೈ ಕೊನೆಯಿಂದ ಆಗಸ್ಟ್‌ವರೆಗಿನ ಹದ ಸರಿ. ಹಗಲು ಕಿರಿದಾದಾಗ ಮೊಗ್ಗಾಗುವ ಗಿಡ ಇದು. ಜೂನಿನಲ್ಲಿ ಇಲ್ಲಿ ಹಗಲು ಹೆಚ್ಚುಕಡಿಮೆ 13 ಗಂಟೆ ಇರುತ್ತದೆ. ಆಗಲೇ ಬಿತ್ತಿದರೆ ಸೊಪ್ಪು ಬೆಳೆದು ಎತ್ತರವಾಗುತ್ತದೆ, ಹೂವು ತಡವಾಗುತ್ತದೆ. ಸಾವಿರ ಬೀಜ ತೂಗಿದರೂ ಐದು ಗ್ರಾಂ ದಾಟುವುದು ಅಪರೂಪ. ಆದ್ದರಿಂದ ಮರಳು ಅಥವಾ ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ ಬೆರೆಸಿ, ಬೆರಳಿನ ಒಂದು ಗೆಣ್ಣಿಗಿಂತ ಆಳ ಹೋಗದಂತೆ ಬಿತ್ತಬೇಕು. ಇಡೀ ಹೊಲಕ್ಕೆ ಇದನ್ನೇ ಹಾಕುವುದಾದರೆ ಹೆಕ್ಟೇರಿಗೆ 5 ಕಿಲೋ ಬೀಜ ಸಾಕು. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್ ಬಿಟ್ಟು, ಎರಡು ವಾರಕ್ಕೆ ಒತ್ತಾದ ಪೈರು ಕಿತ್ತರಾಯಿತು. ನೆಲ ಬಡವಾದರೂ ನಡೆಯುತ್ತದೆ, ನಾಲ್ಕು ದಿನ ನೀರು ನಿಂತರೂ ತಾಳುತ್ತದೆ. ಹಸಿ ಗಿಡಕ್ಕೆ ದನ ಅಷ್ಟಾಗಿ ಬಾಯಿ ಹಾಕುವುದಿಲ್ಲ, ಬದುವಿನಂಚಿಗೆ ಇದನ್ನು ಹಾಕುತ್ತಿದ್ದ ಹಿರಿಯರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಎಚ್ಚರ ಬೇಕಿರುವುದು ಕಸ್ಕ್ಯೂಟ ಎಂಬ ಬೇರಿಲ್ಲದ ಹಳದಿ ಬಳ್ಳಿಯ ಬಗ್ಗೆ. ಅದು ಗಿಡಕ್ಕೆ ಸುತ್ತಿ ರಸ ಹೀರುತ್ತದೆ, ಅದರ ಬೀಜ ಹುಚ್ಚೆಳ್ಳಿನೊಂದಿಗೆ ಬೆರೆತು ಬರುತ್ತದೆ. ಅಮೆರಿಕಕ್ಕೆ ಹಕ್ಕಿಗಳ ತಿಂಡಿಯಾಗಿ ಹುಚ್ಚೆಳ್ಳು ಹೋಗುತ್ತದೆ. ಈ ಬಳ್ಳಿ ಅಲ್ಲಿ ಹಬ್ಬಬಾರದೆಂದು ಕಾಳನ್ನು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಕಾಯಿಸಿಯೇ ಒಳಗೆ ಬಿಡುತ್ತಾರೆ. ಅಲ್ಲಿನ ಕನ್ನಡ ಮನೆಗಳವರು ಆ ಹಕ್ಕಿತಿಂಡಿ ಪೊಟ್ಟಣದ ಕಾಳು ಬಿತ್ತಿ ಮೊಳಕೆಗೆ ಕಾದು ಪ್ರಯೋಜನವಿಲ್ಲ. ಇಲ್ಲಿಯವರು ಬಿತ್ತನೆಗೆ ಮುನ್ನ ಬೀಜ ಜರಡಿ ಹಿಡಿದು, ಬಳ್ಳಿ ಕಂಡ ಕೂಡಲೇ ಸುತ್ತಿದ ಗಿಡದ ಸಮೇತ ಕಿತ್ತು ಸುಡಬೇಕು.

ನೂರು ದಿನದ ಆಸುಪಾಸಿನಲ್ಲಿ ತೆನೆ ಕಂದು ಕಪ್ಪಾಗುತ್ತದೆ. ಪೂರಾ ಒಣಗುವವರೆಗೆ ಬಿಟ್ಟರೆ ಕಾಳು ನೆಲದ ಪಾಲು. ಇಬ್ಬನಿ ಆರುವ ಮುನ್ನ ಕೊಯ್ದು, ಕಣದಲ್ಲಿ ಒಣಗಿಸಿ ಬಡಿಯಬೇಕು. ಚಟ್ನಿಪುಡಿಗೆ, ಗಾಣಕ್ಕೆ ಎಷ್ಟು ಬೇಕಾದರೂ ಹೋಗಲಿ, ಬಿತ್ತನೆ ಕಾಳನ್ನು ಮಾತ್ರ ಹೊಲದ ನಾನಾ ಕಡೆಯ ಹತ್ತಾರು ಗಿಡಗಳಿಂದ ಕೂಡಿಸಿ ತೆಗೆದಿಡಬೇಕು. ಒಂದೇ ಒಳ್ಳೆಯ ಗಿಡದ ಬೀಜ ಇಟ್ಟರೆ ಮುಂದಿನ ವರ್ಷ ಹೊಲದ ತುಂಬ ಒಡಹುಟ್ಟಿದವೇ ಆಗಿ, ಜೇನು ಬಂದರೂ ಜೊಳ್ಳು ಹೆಚ್ಚುತ್ತದೆ.